ಭೀಮೆಯ ದಂಡೆಯಿಂದ ಕಾಂಡ್ಲಾ ಕಾಡಿನವರೆಗೆ

ಮಳಖೇಡದ ಕೋಟೆ ದಾಟಿ ಕಾಗಿಣಾ ಹೊಳೆಗೆ ಇಳಿದರೆ ಮೊದಲು ಸೆರಗು ಹಿಡಿಯುವುದು ಬಳ್ಳಾರಿ ಜಾಲಿ. ಕಂಟಿ ಸರಿಸಿಕೊಂಡು ನೀರಿನ ಅಂಚಿಗೆ ಹೋದರೆ ಅಲ್ಲಲ್ಲಿ ಜೊಂಡು, ಒಂದೆರಡು ಹೊಂಗೆ, ಲಕ್ಕಿ. ಲಕ್ಕಿ ಎಲೆಯನ್ನು ಅಂಗೈಯಲ್ಲಿ ಹೊಸಕಿದರೆ ಬಾಣಂತಿಗೆ ನೀರು ಕಾಯಿಸಿದ ಮನೆಯ ಘಮ ಬರುತ್ತದೆ.

ಈ ಲಕ್ಕಿಗೂ ಸಮುದ್ರಕ್ಕೂ ನಂಟಿದೆ ಎಂದರೆ ಕಲಬುರಗಿಯವರು ನಂಬಲಿಕ್ಕಿಲ್ಲ. ಆದರೆ ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳಕೊಲ್ಲಿಯನ್ನು ಮುಟ್ಟುತ್ತದೆ. ಬೀದರಿನ ಮಾಂಜ್ರಾ ಗೋದಾವರಿಯ ಪಾಲು. ಅದರ ಅಳಿವೆಯಲ್ಲಿ ಕೋರಿಂಗಾ ಕಾಡಿದೆ. ಕಲಬುರಗಿ, ಯಾದಗಿರಿ, ಬೀದರ್ ಈ ನಮ್ಮ ಮೂರು ಜಿಲ್ಲೆಗಳ ಮಳೆನೀರು ಕೊನೆಗೆ ತಲುಪಬೇಕಾದದ್ದು ಈ ಎರಡು ಅಳಿವೆಗಳನ್ನೇ.

ಅಲ್ಲಿ ಬೆಳೆಯುವುದು ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಗಿಡಗಳ ಗುಂಪು. ಅವುಗಳಲ್ಲೊಂದಾದ ಅವಿಸೆನ್ನಿಯಾ ಗಿಡದ ಬುಡದ ಸುತ್ತ ಕೆಸರಿನಿಂದ ಬೆರಳುದ್ದದ ಬೇರುಗಳು ಸಾಲಾಗಿ ಮೇಲೆದ್ದು ಉಸಿರಾಡುತ್ತವೆ. ಹೀರಿಕೊಂಡ ಉಪ್ಪನ್ನು ಎಲೆ ಹೊರಹಾಕುತ್ತದೆ. ನಾಲಿಗೆಗೆ ತಾಗಿಸಿದರೆ ರುಚಿಯೇ ಸಾಕ್ಷಿ. ಉಪ್ಪು ತಾಳುವ ಗಿಡವೆಂದ ಮಾತ್ರಕ್ಕೆ ಬರೀ ಉಪ್ಪುನೀರು ಸಾಲದು. ಮೇಲಿನಿಂದ ಸಿಹಿನೀರೂ ಹೊಸ ಮೆಕ್ಕಲು ಮಣ್ಣೂ ಬರುತ್ತಿರಬೇಕು. ಅವು ಕಡಿಮೆಯಾದಂತೆ ಗಿಡ ಕುಳ್ಳಾಗುತ್ತದೆ, ಜಾತಿಗಳು ಕಡಿಮೆಯಾಗುತ್ತವೆ, ದಡವನ್ನು ಅಲೆ ತಿನ್ನುತ್ತದೆ.

ನೀರಿಗೆ ಅಡ್ಡ ಬಿದ್ದ ಕಥೆ ಹಳೆಯದು. 1855ರಲ್ಲಿ ವಿಜಯವಾಡದ ಅಣೆಕಟ್ಟು, 1957ರಲ್ಲಿ ಅದರ ಜಾಗಕ್ಕೆ ಪ್ರಕಾಶಂ ಬ್ಯಾರೇಜು, 1967ರಲ್ಲಿ ನಾಗಾರ್ಜುನಸಾಗರ. ಭೀಮೆಗೆ 1980ರಲ್ಲಿ ಮಹಾರಾಷ್ಟ್ರದ ಉಜನಿ. ಎರಡು ವರ್ಷದ ನಂತರ ಕೃಷ್ಣೆಗೆ ನಮ್ಮ ನಾರಾಯಣಪುರ. ಆಮೇಲೆ ಭೀಮೆಗೆ ಸೊನ್ನ, ಸನ್ನತಿ ಬ್ಯಾರೇಜುಗಳು. ಹೊಲಕ್ಕೆ ನೀರು ಬೇಕೇ ಬೇಕು, ಒಣಬೇಸಾಯದ ಸಂಕಟ ಕಂಡವರು ಅಣೆಕಟ್ಟನ್ನು ಹಗುರವಾಗಿ ದೂರಲಾರರು. ಆದರೆ ಮಳೆ ಕಡಿಮೆಯಾದ ವರ್ಷಗಳಲ್ಲಿ ಕೃಷ್ಣೆ ಸಮುದ್ರಕ್ಕೆ ತಲುಪುವುದೇ ಅಪರೂಪವಾಗಿದೆ ಎಂಬುದೂ ಅಷ್ಟೇ ನಿಜ.

ಇತ್ತ ದಂಡೆಯಲ್ಲಿ ಬೇರೆಯೇ ಬದಲಾವಣೆ ನಡೆಯಿತು. ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. 1877ರ ಸುಮಾರಿಗೆ ಜಮೈಕಾದಿಂದ ಬೀಜ ತರಿಸಿ ಕಡಪದ ಕಡೆ ಬಿತ್ತಿದರು. ಬರಗಾಲದ ನಾಡಿಗೆ ಸೌದೆಯಾಗಲಿ ಎಂಬ ಆಸೆ. ಸಿಹಿಯಾದ ಕಾಯನ್ನು ಕುರಿ, ದನ ತಿಂದವು. ಸಗಣಿ, ಹಿಕ್ಕೆಯ ಗೊಬ್ಬರದಲ್ಲೇ ಬೀಜ ಮೊಳೆಯಿತು. ದಸರೆಯಲ್ಲಿ ನಾವು ಬಂಗಾರವೆಂದು ಹಂಚಿಕೊಳ್ಳುವ ಶಮಿ ಇದರ ದಾಯಾದಿಯೇ, ಆದರೆ ಶಮಿಯ ನೆರಳಲ್ಲಿ ಜೋಳವೂ ಬೆಳೆಯುತ್ತದೆ. ಬಳ್ಳಾರಿ ಜಾಲಿಯ ಕೆಳಗೆ ಹುಲ್ಲು ಏಳುವುದೇ ಕಷ್ಟ. ಹುಲ್ಲಿಲ್ಲದ ಕಡೆ ಎರೆಮಣ್ಣು ಮೊದಲ ದೊಡ್ಡ ಮಳೆಗೇ ಸಡಿಲವಾಗುತ್ತದೆ. ನನಗೆ ಹೆಚ್ಚು ಸಂಕಟ ಕೊಡುವುದು ಇದು: ಹಾಗೆ ಕೊಚ್ಚಿಹೋದ ಮಣ್ಣು ಅಳಿವೆಗೂ ದಕ್ಕುವುದಿಲ್ಲ. ಬಹುಪಾಲು ಜಲಾಶಯದ ತಳದಲ್ಲಿ ಹೂಳಾಗಿ ಕೂರುತ್ತದೆ. ಇಲ್ಲಿನ ಹೊಲಕ್ಕೂ ನಷ್ಟ, ಅಲ್ಲಿನ ಕಾಂಡ್ಲಾಕ್ಕೂ ನಷ್ಟ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಊರುಗಳಿಗೆ ನುಗ್ಗಿದಾಗ ನಾವು ಮಾತಾಡಿದ್ದು ಕ್ಯುಸೆಕ್ ಲೆಕ್ಕದಲ್ಲಿ. ದಂಡೆಯಲ್ಲಿ ಯಾವ ಗಿಡವಿತ್ತು, ಯಾವುದು ಹೋಯಿತು ಎಂದು ಯಾರೂ ಕೇಳಲಿಲ್ಲ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಧಾಮವಾಗಿದ್ದರಿಂದ ಕಾಗಿಣಾಕ್ಕೆ ನೀರುಣಿಸುವ ಹಳ್ಳಗಳ ಒಂದಿಷ್ಟು ಹಸಿರಿಗೆ ಕಾವಲು ಸಿಕ್ಕಿದೆ. ಅಲ್ಲಿಂದ ಕೆಳಗಿನ ದಂಡೆಗೆ ಆ ಕಾವಲಿಲ್ಲ. ದಂಡೆಗೆ ಕಲ್ಲು ಹೊದಿಸುವ ಕಾಮಗಾರಿಯಲ್ಲಿ ಹೊಂಗೆ, ಹೊಳೆಮತ್ತಿ, ಲಕ್ಕಿಗೂ ಜಾಗ ಬಿಡಬೇಕು. ಲಕ್ಕಿಗಂತೂ ದೊಡ್ಡ ಆರೈಕೆಯೇ ಬೇಡ: ಮೃಗಶಿರಾ ಮಳೆ ಬಿದ್ದ ಮೇಲೆ ಬಲಿತ ರೆಂಬೆಯೊಂದನ್ನು ಕತ್ತರಿಸಿ ದಂಡೆಯ ಹಸಿಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ.