39 ಚಾಟಿಯೇಟಿನ ಕಾನೂನು ಮತ್ತು ಅದನ್ನು ತಂದ ವಕೀಲ

1844ರಲ್ಲಿ ಒರೆಗಾನ್ ಇನ್ನೂ ಅಮೆರಿಕದ ರಾಜ್ಯವಾಗಿರಲಿಲ್ಲ. ನಮ್ಮದು ಅಂತ ಬ್ರಿಟನ್ನೂ ಹೇಳುತ್ತಿತ್ತು, ಅಮೆರಿಕವೂ ಹೇಳುತ್ತಿತ್ತು. ಅಲ್ಲಿ ನೆಲೆಸಿದ ಬಿಳಿಯರು ತಾವೇ ಒಂದು ಪುಟ್ಟ ಶಾಸನಸಭೆ ಕಟ್ಟಿಕೊಂಡಿದ್ದರು. ಜೂನ್‌ನಲ್ಲಿ ಆ ಸಭೆ ಒಂದು ಕಾನೂನು ಮಾಡಿತು: ಇಲ್ಲಿ ಗುಲಾಮಗಿರಿ ಇರಕೂಡದು. ಒಳ್ಳೆಯದೇ ಅಲ್ವಾ? ಆದರೆ ಕಪ್ಪು ಜನರೂ ಇರಕೂಡದು. ಗಂಡಸರಿಗೆ ಎರಡು ವರ್ಷ ಗಡುವು, ಹೆಂಗಸರಿಗೆ ಮೂರು. ಅಷ್ಟರಲ್ಲಿ ಹೊರಡದಿದ್ದರೆ ಬರಿಬೆನ್ನಿಗೆ 20ರಿಂದ 39 ಚಾಟಿಯೇಟು. ಆಮೇಲೂ ಹೋಗದಿದ್ದರೆ ಆರು ತಿಂಗಳಿಗೊಮ್ಮೆ ಮತ್ತೆ ಅದೇ.

ಇದನ್ನು ತಂದವನು ಪೀಟರ್ ಬರ್ನೆಟ್. 1807ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದವನು. ಮಿಸೌರಿಯಲ್ಲಿ ಅಂಗಡಿ ಇಟ್ಟು ಕೈಸುಟ್ಟುಕೊಂಡ. ತಾನೇ ಓದಿಕೊಂಡು ವಕೀಲನಾದ. ಅಲ್ಲಿನ ಜನ ಮಾರ್ಮನ್ನರು ಅನ್ನುವ ಹೊಸ ಕ್ರೈಸ್ತ ಪಂಗಡದವರನ್ನು ಓಡಿಸುತ್ತಿದ್ದಾಗ ಅವರ ನಾಯಕ ಜೋಸೆಫ್ ಸ್ಮಿತ್ ಪರ ವಾದಿಸಿದ ವಕೀಲರಲ್ಲಿ ಈತನೂ ಒಬ್ಬ. ಅಂಥವನೇ ಇಂಥ ಕಾನೂನು ಬರೆದ ಅನ್ನುವುದು ನನಗಂತೂ ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. 1843ರಲ್ಲಿ, ತಲೆ ಮೇಲೆ ಸಾಲ, ಮನೆಯಲ್ಲಿ ಹೆಂಡತಿಗೆ ಕಾಯಿಲೆ, ಗಾಡಿ ಕಟ್ಟಿ ಒರೆಗಾನ್‌ಗೆ ಹೊರಟ. ಆ ದೊಡ್ಡ ಗಾಡಿಸಾಲಿಗೆ ಮೊದಲ ಕ್ಯಾಪ್ಟನ್ ಈತನೇ. ಕೆಲವೇ ದಿನದಲ್ಲಿ ಬಿಟ್ಟುಬಿಟ್ಟ.

ಚಾಟಿಯ ಮಾತನ್ನು 1844ರ ಡಿಸೆಂಬರ್‌ನಲ್ಲೇ ತೆಗೆದರು. 1845ರಲ್ಲಿ ಕಾನೂನೇ ರದ್ದಾಯಿತು. ಒಬ್ಬರ ಬೆನ್ನಿಗೂ ಏಟು ಬೀಳಲಿಲ್ಲ.

ಹಾಗಂತ ಅದು ಸುಮ್ನೆ ಹೋಯಿತೇ? ಜಾರ್ಜ್ ಬುಷ್ ಅನ್ನುವ ಕಪ್ಪು ರೈತ 1844ರಲ್ಲೇ ಹೆಂಡತಿ ಮಕ್ಕಳೊಂದಿಗೆ ಮಿಸೌರಿಯಿಂದ ಬಂದಿದ್ದ. ಕಾನೂನಿನ ಕೈಗೆ ಸಿಗದಂತೆ ಕೊಲಂಬಿಯಾ ನದಿ ದಾಟಿ ಉತ್ತರಕ್ಕೆ ಹೋದ. ಜೊತೆಗೆ ಬಂದಿದ್ದ ಬಿಳಿ ಕುಟುಂಬಗಳೂ ಅವನ ಹಿಂದೆಯೇ ಹೋದವು. ಮುಂದೆ ಕಾಳಿಗೆ ಬರ ಬಂದಾಗ ನೆರೆಯವರಿಗೆ ಕಾಳು ಕೊಟ್ಟವನು ಈ ಬುಷ್. ಆದರೆ ಅವನು ಉತ್ತ ನೆಲ ಅವನ ಹೆಸರಿಗಾಗಲು ಅಮೆರಿಕದ ಸಂಸತ್ತು 1855ರಲ್ಲಿ ಅವನಿಗಾಗಿಯೇ ಒಂದು ಕಾಯ್ದೆ ಮಾಡಬೇಕಾಯಿತು. ಜಮೀನು ಕೊಡುವ ಕಾನೂನಿನಲ್ಲಿ ಕಪ್ಪು ಜನರಿಗೆ ಜಾಗವೇ ಇರಲಿಲ್ಲ.

ಬರ್ನೆಟ್ ಅಷ್ಟರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾ ಸೇರಿದ್ದ. 1849ರಲ್ಲಿ ಗವರ್ನರ್ ಆದ. ಅಲ್ಲೂ ಕಪ್ಪು ಜನರನ್ನು ಹೊರಗಿಡಿ ಅಂದ, ಶಾಸಕರು ಒಪ್ಪಲಿಲ್ಲ. 1851ರ ಜನವರಿಯಲ್ಲಿ, ಮೂಲನಿವಾಸಿಗಳು ಪೂರ್ತಿ ನಾಶವಾಗುವವರೆಗೂ ಯುದ್ಧ ನಡೆಯುತ್ತದೆ ಎಂದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಬರೆದು ತಿಳಿಸಿದ. ಅದೇ ತಿಂಗಳು ಆ ಹುದ್ದೆಯನ್ನೂ ಬಿಟ್ಟ.

1858ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶನಾಗಿದ್ದಾಗ, ಗುಲಾಮಗಿರಿ ಇಲ್ಲದ ಕ್ಯಾಲಿಫೋರ್ನಿಯಾಕ್ಕೆ ಯಜಮಾನ ಕರೆತಂದಿದ್ದ ಗುಲಾಮ ಆರ್ಚಿ ಲೀಯ ಪ್ರಕರಣ ಬಂತು. ಇಲ್ಲಿ ಆರ್ಚಿಯನ್ನು ಗುಲಾಮನಾಗಿ ಇಟ್ಟುಕೊಳ್ಳುವ ಹಕ್ಕು ಯಜಮಾನನಿಗಿಲ್ಲ ಅಂತ ಬರ್ನೆಟ್ ಬರೆದ. ಮುಂದಿನ ಸಾಲುಗಳಲ್ಲಿ ಆರ್ಚಿಯನ್ನು ಅದೇ ಯಜಮಾನನಿಗೆ ಒಪ್ಪಿಸಿದ! ಯಜಮಾನ ಇನ್ನೂ ಹುಡುಗ, ಮೈಗೂ ಹುಷಾರಿಲ್ಲ, ಇದು ಮೊದಲ ಪ್ರಕರಣ ಬೇರೆ ಅನ್ನುವುದು ಕಾರಣ. ಪತ್ರಿಕೆಗಳು ಗೇಲಿ ಮಾಡಿದವು. ಆರ್ಚಿಗೆ ಬಿಡುಗಡೆ ಸಿಕ್ಕಿದ್ದು ಬೇರೆಯವರ ತೀರ್ಪಿನಿಂದ.

ಇತ್ತ ಒರೆಗಾನ್‌ನವರು 1857ರಲ್ಲಿ ಕಪ್ಪು ಜನ ಬರಕೂಡದು ಅನ್ನುವುದನ್ನು ಸಂವಿಧಾನಕ್ಕೇ ಸೇರಿಸಿದರು, ಅದೂ ಜನರ ಮತ ಹಾಕಿಸಿ. ಅದನ್ನು ತೆಗೆದಿದ್ದು 1926ರಲ್ಲಿ. ಅಲ್ಲಲ್ಲಿ ಉಳಿದಿದ್ದ ಹಳೆಯ ಜನಾಂಗೀಯ ಪದಗಳನ್ನು ಅಳಿಸಲು 2002ರಲ್ಲಿ ಮತ್ತೆ ಮತದಾನ ನಡೆಯಿತು. ಆಗಲೂ ನೂರಕ್ಕೆ ಸುಮಾರು 29 ಜನ ಬೇಡ ಅಂದರು.