ಮಂತ್ರಿಯಾಗದ ಶಾಸಕ, ಮೂರು ಸಲ ಬರೆದ ಗೇಣಿ ಕಾನೂನು

ಶಾಂತವೇರಿ ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ. ಮೂರು ಸಲ ಶಾಸಕರಾಗಿದ್ದರೂ ಒಂದು ದಿನವೂ ಆಳುವ ಪಕ್ಷದ ಸಾಲಿನಲ್ಲಿ ಕೂತವರಲ್ಲ. ಅವರು ಹೋಗಿ ಎರಡು ವರ್ಷ ತುಂಬುವ ಮೊದಲೇ, 1974ರ ಮಾರ್ಚ್ 1ರಂದು, ರಾಜ್ಯದ ಗೇಣಿ ಜಮೀನೆಲ್ಲ ಕಾನೂನಿನ ಪ್ರಕಾರ ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದವರು ಅರ್ಜಿ ಹಾಕಿ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು.

ಈ ಕಾನೂನಿನ ಮಾತು ಬಂದಾಗ ದೇವರಾಜ ಅರಸು ಅವರ ಹೆಸರು ಮೊದಲು ಬರುತ್ತದೆ. ಬರಲೇಬೇಕು. ಆದರೆ ಅರಸು ಬರುವ ಮುಂಚೆ ಇದೇ ರಾಜ್ಯದಲ್ಲಿ ಎರಡು ಸಲ ಗೇಣಿ ಕಾನೂನು ಆಗಿತ್ತು ಅನ್ನೋದು ಜಾಸ್ತಿ ಜನಕ್ಕೆ ನೆನಪಿಲ್ಲ. ಎರಡೂ ಹೆಚ್ಚೇನೂ ಕೆಲಸ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅಂತ ತಿಳಿಯಬೇಕಾದರೆ ಗೋಪಾಲಗೌಡರ ರಾಜಕೀಯದ ಜಾಡು ಹಿಡಿದು ಹೋಗುವುದು ಒಳ್ಳೆಯದು. ಅವರು ಗೆದ್ದ ಚುನಾವಣೆಗಳೂ ಗೇಣಿಯ ಕಥೆಯೂ ಒಂದಕ್ಕೊಂದು ಹೊಸೆದುಕೊಂಡೇ ಸಾಗಿವೆ.

ಶಾಂತವೇರಿ ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಊರು. ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಜೈಲು ನೋಡಿದರು. ಆಮೇಲೆ ಸಮಾಜವಾದಿಗಳ ಜೊತೆ ಸೇರಿದರು. ಇಷ್ಟು ಆ ಕಾಲದ ಬೇಕಾದಷ್ಟು ಹುಡುಗರ ಕಥೆ. ಅವರನ್ನು ಬೇರೆ ಮಾಡಿದ್ದು ಕಾಗೋಡು.

ಕಾಗೋಡು ಇರುವುದು ಸಾಗರ ತಾಲ್ಲೂಕಿನಲ್ಲಿ. ಅಲ್ಲಿ ಗದ್ದೆ ಉಳುವವರಲ್ಲಿ ಹೆಚ್ಚಿನವರು ದೀವರು. ಜಮೀನು ಮೇಲ್ಜಾತಿಯ ಒಡೆಯರದ್ದು. ಬೆಳೆದ ಭತ್ತದಲ್ಲಿ ಇಷ್ಟು ಅಂತ ಒಡೆಯರಿಗೆ ಅಳೆದು ಕೊಡಬೇಕು. ಅದೇ ಗೇಣಿ. ಕೊಟ್ಟದ್ದಕ್ಕೆ ರಸೀದಿ ಇಲ್ಲ. ಉಳುವವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಒಡೆಯರ ಮನೆಯಲ್ಲಿ ಬಿಟ್ಟಿ ಚಾಕರಿ ಬೇರೆ. ಒಡೆಯರಿಗೆ ಸಿಟ್ಟು ಬಂದರೆ ಮುಂದಿನ ಮಳೆಗಾಲಕ್ಕೆ ಆ ಗದ್ದೆ ಇನ್ನೊಬ್ಬನ ಪಾಲು.

ಜಗಳ ಶುರುವಾಗಿದ್ದು ಕೊಳಗದಿಂದ. ಭತ್ತ ಅಳೆಯುವ ಕೊಳಗಕ್ಕೆ ಮೂರು ಸೇರು ಅನ್ನುವುದು ರೈತರ ಲೆಕ್ಕ. ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದು. ಗೇಣಿ ಇಷ್ಟು ಕೊಳಗ ಅಂತ ಮಾತಾದ ಮೇಲೆ ಕೊಳಗವೇ ದೊಡ್ಡದಾದರೆ ರೈತ ಪ್ರತಿ ಅಳತೆಯಲ್ಲೂ ಕಳೆದುಕೊಳ್ಳುತ್ತಾನೆ, ಅಲ್ವಾ? ಎಚ್. ಗಣಪತಿಯಪ್ಪನವರು ಊರೂರು ತಿರುಗಿ ರೈತ ಸಂಘ ಕಟ್ಟಿದ್ದರು. ಸಂಘ ಕೇಳಿದ್ದು ಜಮೀನನ್ನಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ, ಗೇಣಿಗೆ ರಸೀದಿ ಕೊಡಿ ಅಂತ ಅಷ್ಟೆ. ಒಡೆಯರು ಒಪ್ಪಲಿಲ್ಲ. ಗದ್ದೆಗೆ ಇಳಿಯಬೇಡಿ ಅಂದರು.

1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ಆ ಗದ್ದೆಗಳಿಗೇ ಇಳಿದರು. ಪೊಲೀಸರು ಹಿಡಿದರು. ಒಂದು ತಂಡ ಜೈಲಿಗೆ ಹೋದರೆ ಇನ್ನೊಂದು ತಂಡ ಗದ್ದೆಗೆ ಬರುತ್ತಿತ್ತು. ಸಮಾಜವಾದಿ ಪಕ್ಷ ಚಳವಳಿಯ ಬೆನ್ನಿಗೆ ನಿಂತಿತು. ಗೋಪಾಲಗೌಡರು ಮುಂದಾಳಾದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಅಲ್ಲಿಗೆ ಮಲೆನಾಡಿನ ಮೂಲೆಯ ಊರೊಂದು ದೇಶದ ಪತ್ರಿಕೆಗಳಲ್ಲಿ ಬಂತು.

ಚಳವಳಿ ಅವತ್ತಿಗೆ ಗೆಲ್ಲಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಈಗಿನ ಭಾಷಣಗಳಲ್ಲಿ ಕಾಗೋಡು ಅಂದರೆ ಗೆಲುವು ಅಂತಲೇ ಬರುತ್ತದೆ. ರೈತರು ಜೈಲಿನಿಂದ ಬಂದಾಗ ಜಮೀನು ಇನ್ನೂ ಒಡೆಯರ ಕೈಯಲ್ಲೇ ಇತ್ತು. ಕಾಗೋಡಿನ ಜಮೀನ್ದಾರ ಕೆ.ಜಿ. ಒಡೆಯರ್ ಕಾಂಗ್ರೆಸ್ ಮುಖಂಡರು. 1952ರ ಮೊದಲ ಮಹಾಚುನಾವಣೆಯಲ್ಲಿ ಅವರೇ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದರು.

ಅದೇ ಚುನಾವಣೆಯಲ್ಲಿ, ಅದೇ ಪ್ರದೇಶದಲ್ಲಿ, ವಿಧಾನಸಭೆಗೆ ಜನ ಬೇರೆ ಲೆಕ್ಕ ಹಾಕಿದರು. ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೋಪಾಲಗೌಡರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ್ ಅವರನ್ನು ಸೋಲಿಸಿದರು. ಗೌಡರಿಗೆ ಆಗ 28 ವರ್ಷ. ಕೈಯಲ್ಲಿ ದುಡ್ಡಿಲ್ಲ. ಒಂದು ವೋಟಿನ ಜೊತೆ ಒಂದು ನೋಟೂ ಕೊಡಿ ಅಂತ ಜನರನ್ನೇ ಕೇಳಿಕೊಂಡು ಚುನಾವಣೆ ಮಾಡಿದರು. ಅಭ್ಯರ್ಥಿಯೇ ಮತದಾರನ ಹತ್ತಿರ ದುಡ್ಡು ಕೇಳುವುದು ಈಗ ಜೋಕಿನ ಹಾಗೆ ಕೇಳಿಸುತ್ತದೆ.

99 ಸ್ಥಾನಗಳ ಆ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ 74. ಸಮಾಜವಾದಿ ಪಕ್ಷ ಮೂರು. ಮೂರು ಜನ ಸೇರಿ ಯಾವ ಮಸೂದೆಯನ್ನೂ ತಡೆಯಲಾಗದು, ಯಾವುದನ್ನೂ ಪಾಸು ಮಾಡಲಾಗದು. ಮಾಡಬಹುದಾದ್ದು ಒಂದೇ, ಕೇಳುತ್ತಾ ಇರುವುದು.

ಮೊದಲ ಗೇಣಿ ಕಾನೂನು ಬಂದದ್ದು ಆ ಹೊತ್ತಿಗೆ, 1952ರಲ್ಲಿ. ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪ. ಅವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಒಂದೇ ತಾಲ್ಲೂಕಿನ ಇಬ್ಬರು ಸದನದ ಎದುರುಬದುರು ಸಾಲಿನಲ್ಲಿ ಕೂತು ಒಂದೇ ವಿಷಯಕ್ಕೆ ವಾದ ಮಾಡಿದ್ದು ಈ ಕಥೆಯ ಒಂದು ಸ್ವಾರಸ್ಯ. ಮಂಜಪ್ಪನವರನ್ನು ಜಮೀನ್ದಾರರ ವಕೀಲ ಅಂತ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಇನಾಂ, ಅಂದರೆ ರಾಜರ ಕಾಲದಲ್ಲಿ ಉಡುಗೊರೆಯಾಗಿ ಕೊಟ್ಟ ಜಮೀನು, ಅದರ ರದ್ದತಿಯ ಕಾನೂನುಗಳನ್ನು ತಂದವರು ಅವರು. ಗೇಣಿದಾರನಿಗೆ ರಕ್ಷಣೆ ಬೇಕು ಅಂತ ಒಪ್ಪಿದವರೂ ಹೌದು. ಆದರೆ ಅವರ ಪಕ್ಷದಲ್ಲಿ, ಅವರ ಹಿಂದಿನ ಸಾಲುಗಳಲ್ಲಿ, ಕೂತಿದ್ದವರಲ್ಲಿ ಬಹಳ ಜನ ಜಮೀನುಳ್ಳವರು. ಕಾನೂನು ಗೇಣಿಗೆ ಮಿತಿ ಹಾಕಿತು, ಗೇಣಿದಾರನನ್ನು ಸುಮ್ನೆ ಹೊರಹಾಕಬಾರದು ಅಂದಿತು. ಜೊತೆಗೇ ಒಂದು ಬಾಗಿಲು ತೆರೆದಿಟ್ಟಿತು. ಒಡೆಯ ತಾನೇ ಸಾಗುವಳಿ ಮಾಡುತ್ತೇನೆ ಅಂದರೆ ಜಮೀನು ವಾಪಸ್ ತೆಗೆದುಕೊಳ್ಳಬಹುದು.

ಸ್ವಂತ ಸಾಗುವಳಿ ಅಂದರೆ ಏನು? ನೇಗಿಲು ಹಿಡಿಯಬೇಕಾ, ಆಳು ಇಟ್ಟು ಮಾಡಿಸಿದರೂ ಆಗುತ್ತಾ, ಪೇಟೆಯಲ್ಲಿ ಕೂತು ಉಸ್ತುವಾರಿ ನೋಡಿದರೆ ಸಾಕಾ? ಮುಂದಿನ ಇಪ್ಪತ್ತು ವರ್ಷ ರಾಜ್ಯದ ಗೇಣಿ ರಾಜಕೀಯ ತಿರುಗಿದ್ದು ಇದರ ಸುತ್ತವೇ. ಸಮಾಜವಾದಿಗಳ ತಕರಾರೂ ಇಲ್ಲೇ ಇತ್ತು.

1956ರಲ್ಲಿ ಕರ್ನಾಟಕ ಒಂದಾಯಿತು. ಹಳೆ ಮೈಸೂರಿನ ಹಲವು ನಾಯಕರು ಏಕೀಕರಣಕ್ಕೆ ಹಿಂದೆಮುಂದೆ ನೋಡುತ್ತಿದ್ದಾಗ ಗೋಪಾಲಗೌಡರು ಅದರ ಪರವಾಗಿ ಗಟ್ಟಿಯಾಗಿ ನಿಂತರು. ಒಂದಾದ ಮೇಲೆ ಹೊಸ ತಲೆನೋವು. ಮುಂಬೈ ಕರ್ನಾಟಕಕ್ಕೆ ಒಂದು ಗೇಣಿ ಕಾನೂನು, ಹೈದರಾಬಾದ್ ಕಡೆಯ ಜಿಲ್ಲೆಗಳಿಗೆ ಇನ್ನೊಂದು, ಮೈಸೂರಿಗೆ ಮತ್ತೊಂದು. ಎಲ್ಲ ಸೇರಿಸಿ ಒಂದು ಮಾಡಲು ಬಿ.ಡಿ. ಜತ್ತಿ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ಅದರಿಂದ ಹುಟ್ಟಿದ್ದು 1961ರ ಮೈಸೂರು ಭೂಸುಧಾರಣಾ ಕಾನೂನು.

ಈ ಚರ್ಚೆಯೆಲ್ಲ ನಡೆಯುವಾಗ ಗೋಪಾಲಗೌಡರು ಸದನದಲ್ಲಿ ಇರಲೇ ಇಲ್ಲ. 1957ರಲ್ಲಿ ಸೋತಿದ್ದರು. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ವಾಪಸ್ ಬರುವಷ್ಟರಲ್ಲಿ ಕಾನೂನು ಆಗಿಹೋಗಿತ್ತು, ಜಾರಿಗೆ ಮಾತ್ರ ಬಂದಿರಲಿಲ್ಲ. ಬಂದದ್ದು 1965ರ ಅಕ್ಟೋಬರ್ 2ಕ್ಕೆ. ನಾಲ್ಕು ವರ್ಷ! ಸ್ವಂತ ಸಾಗುವಳಿಯ ಬಾಗಿಲು ಇದರಲ್ಲೂ ಹಾಗೇ ಇತ್ತು. ಹೀಗೊಂದು ಕಾನೂನು ಬರುತ್ತಿದೆ ಅಂತ ಮೊದಲೇ ಸಾರಿ, ಆಮೇಲೆ ನಾಲ್ಕು ವರ್ಷ ಕಾದರೆ ಜಾಣ ಒಡೆಯರು ಏನು ಮಾಡುತ್ತಾರೆ? ಗೇಣಿದಾರರನ್ನು ಬಿಡಿಸಿದರು. ಒಪ್ಪಿ ಬಿಟ್ಟುಕೊಟ್ಟಿದ್ದಾನೆ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರು. ಜಮೀನನ್ನು ಮಕ್ಕಳ, ನೆಂಟರ ಹೆಸರಿಗೆ ಹಂಚಿದರು. ಕಾನೂನು ಜಾರಿಗೆ ಬಂದಾಗ ಅದು ಕಾಪಾಡಬೇಕಾಗಿದ್ದ ಎಷ್ಟೋ ಜನ ದಾಖಲೆಯಲ್ಲಿ ಗೇಣಿದಾರರಾಗಿ ಉಳಿದೇ ಇರಲಿಲ್ಲ. ನನ್ನ ಪ್ರಕಾರ ಗೇಣಿದಾರರಿಗೆ 1961ರ ಕಾನೂನು ಮಾಡಿದಷ್ಟು ಕೆಡುಕನ್ನು ಯಾವ ಕಾನೂನೂ ಇಲ್ಲದಿದ್ದರೂ ಆಗುತ್ತಿರಲಿಲ್ಲ.

ಅದರ ನಡುವೆಯೇ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. ಸಾಗರ, ಹೊಸನಗರದ ಊರುಗಳು, ಗದ್ದೆ, ತೋಟ ಮುಳುಗಿದವು. ಗೌಡರನ್ನು ಮೊದಲು ಆರಿಸಿ ಕಳಿಸಿದ ಕ್ಷೇತ್ರದ ಒಂದು ದೊಡ್ಡ ಭಾಗವೇ ನೀರಿನಡಿ ಹೋಯಿತು. ಸ್ವಂತ ಜಮೀನು ಇದ್ದವರಿಗೆ ಪರಿಹಾರ ಸಿಕ್ಕಿತು. ಕಾಗದವೇ ಇಲ್ಲದ ಗೇಣಿದಾರ ಏನು ತೋರಿಸಿ ಪರಿಹಾರ ಕೇಳಬೇಕು? ಲಾರಿಗಳಲ್ಲಿ ತುಂಬಿಸಿಕೊಂಡು ಹೋಗಿ ಕಾಡಿನಂಚಿನಲ್ಲಿ ಇಳಿಸಿದ ಸಂಸಾರಗಳಲ್ಲಿ ಎಷ್ಟೋ ಮಂದಿಗೆ ಆ ನೆಲದ ಹಕ್ಕುಪತ್ರ ಇವತ್ತಿಗೂ ಸಿಕ್ಕಿಲ್ಲ.

1967ರಲ್ಲಿ ಗೋಪಾಲಗೌಡರು ಮೂರನೇ ಸಲ ಗೆದ್ದರು. ಅಷ್ಟರಲ್ಲಿ ಸಮಾಜವಾದಿಗಳು ಒಡೆದು, ಸೇರಿ, ಮತ್ತೆ ಒಡೆದಿದ್ದರು. ಗೌಡರು ಇದ್ದ ಸಂಯುಕ್ತ ಸಮಾಜವಾದಿ ಪಕ್ಷಕ್ಕೆ 216ರಲ್ಲಿ ಸಿಕ್ಕಿದ್ದು ಆರು ಸ್ಥಾನ. ಪ್ರಜಾ ಸಮಾಜವಾದಿ ಪಕ್ಷಕ್ಕೆ 20. ಇಬ್ಬರೂ ಉಳುವವನಿಗೇ ಭೂಮಿ ಅನ್ನುವವರು, ಇಬ್ಬರಿಗೂ ಒಂದು ಚಪ್ಪರದಡಿ ಕೂರಲು ಆಗಲಿಲ್ಲ. ಕಾಂಗ್ರೆಸ್ಸನ್ನು ದೂರುವಷ್ಟೇ ಇದನ್ನೂ ದೂರಬೇಕು. ಆದರೂ ಅದೇ ವರ್ಷ ಸೊರಬದಿಂದ ಎಸ್. ಬಂಗಾರಪ್ಪ ಮೊದಲ ಸಲ ಶಾಸಕರಾದರು. ಶಿವಮೊಗ್ಗದಿಂದ ಜೆ.ಎಚ್. ಪಟೇಲರು ಲೋಕಸಭೆಗೆ ಹೋದರು. ಇಬ್ಬರೂ ಗೋಪಾಲಗೌಡರ ಗರಡಿಯವರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು, ಬೇರೆ ಬೇರೆ ಪಕ್ಷಗಳಿಂದ.

1972ರ ಚುನಾವಣೆ ಹೊತ್ತಿಗೆ ಗೌಡರ ಆರೋಗ್ಯ ಕೆಟ್ಟಿತ್ತು. ಸಮಾಜವಾದಿಗಳು ಗೆದ್ದದ್ದು ಮೂರೇ ಕಡೆ, ಮೂರೂ ಶಿವಮೊಗ್ಗ ಜಿಲ್ಲೆಯಲ್ಲಿ. ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ, ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ. ಹೌದು, ಅದೇ ಕಾಗೋಡಿನವರು. ಕೊಳಗದ ಜಗಳದ ಊರಿನ ದೀವರ ಮನೆಯ ಹುಡುಗ ವಕೀಲನಾಗಿ, ಶಾಸಕನಾಗಿ ವಿಧಾನಸೌಧಕ್ಕೆ ಬಂದಿದ್ದರು.

ಮುಖ್ಯಮಂತ್ರಿ ಕುರ್ಚಿಗೆ ದೇವರಾಜ ಅರಸು ಬಂದರು. ಅವರ ಲೆಕ್ಕವೇ ಬೇರೆ. ಅಲ್ಲಿಯವರೆಗೆ ಕಾಂಗ್ರೆಸ್ಸನ್ನು ನಡೆಸಿದ್ದು ಜಮೀನುಳ್ಳ ಎರಡು ದೊಡ್ಡ ಜಾತಿಗಳ ನಾಯಕರು. ಅವರಲ್ಲಿ ಬಹಳ ಜನ 1969ರಲ್ಲಿ ಪಕ್ಷ ಒಡೆದಾಗ ನಿಜಲಿಂಗಪ್ಪನವರ ಕಡೆ ಹೋಗಿದ್ದರು. ಅರಸುಗೆ ತಮ್ಮದೇ ಜನ ಬೇಕಿತ್ತು. ಸಣ್ಣಪುಟ್ಟ ಜಾತಿಯವರು, ಗೇಣಿದಾರರು, ಬಡವರು. ಗೋಪಾಲಗೌಡರು ನಂಬಿಕೆಯಿಂದ ಕೇಳಿದ್ದನ್ನು ಅರಸು ನಂಬಿಕೆ ಮತ್ತು ಓಟಿನ ಲೆಕ್ಕ ಎರಡನ್ನೂ ಇಟ್ಟುಕೊಂಡು ಮಾಡಿದರು. ಕಾನೂನು ಆಗುವುದಕ್ಕೆ ಎರಡನೆಯದೂ ಬೇಕಿತ್ತು.

1961ರ ಕಾನೂನಿಗೆ ಅರಸು ತಂದ ಹೊಸ ತಿದ್ದುಪಡಿ ಆ ಹಳೇ ಬಾಗಿಲನ್ನು ಮುಚ್ಚಿತು. ಸ್ವಂತ ಸಾಗುವಳಿಗೆ ಅಂತ ಜಮೀನು ವಾಪಸ್ ಪಡೆಯುವ ಅವಕಾಶ ಸೈನಿಕರಂಥ ಕೆಲವರನ್ನು ಬಿಟ್ಟು ಯಾರಿಗೂ ಉಳಿಯಲಿಲ್ಲ. ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಡಬೇಕು. ಊರ ಕಡೆ ಇದಕ್ಕೆ 'ಡಿಕ್ಲರೇಷನ್ ಹಾಕೋದು' ಅಂತಾರೆ. ಅರ್ಜಿ ವಿಚಾರಿಸಲು ಕೋರ್ಟಲ್ಲ, ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಹಲವು ಕಡೆ ಸ್ಥಳೀಯ ಶಾಸಕರೂ ಅದರಲ್ಲಿ ಇರುತ್ತಿದ್ದರು. ವಕೀಲರಿಗೆ ಪ್ರವೇಶವಿಲ್ಲ. ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ, ಬೇಕಾದರೆ ಹೈಕೋರ್ಟಿಗೆ ರಿಟ್ ಹಾಕಬಹುದು.

ವಕೀಲರನ್ನು ಹೊರಗಿಟ್ಟದ್ದು ದೊಡ್ಡ ಮಾತು. ರಸೀದಿ ಇಲ್ಲದ ಗೇಣಿದಾರನಿಗೆ ಕೋರ್ಟಿನಲ್ಲಿ ಗೆಲುವಿರಲಿಲ್ಲ. ಮಂಡಳಿಯ ಮುಂದೆ ಅಕ್ಕಪಕ್ಕದ ಗದ್ದೆಯವರು ಬಂದು, ಹೌದು, ಇವನಪ್ಪನ ಕಾಲದಿಂದ ಇವರೇ ಉಳೋದು ಅಂದರೆ ಅದಕ್ಕೂ ಬೆಲೆ ಇತ್ತು. ಒಟ್ಟು ಎಂಟು ಲಕ್ಷದಷ್ಟು ಅರ್ಜಿ ಬಂದವು. ಐದು ಲಕ್ಷದ ಹತ್ತಿರ ಗೇಣಿದಾರರ ಪರವಾಗಿ ತೀರ್ಮಾನವಾದವು. ಹೆಚ್ಚು ಫಲ ಕಂಡದ್ದು ಗೇಣಿ ಜಾಸ್ತಿ ಇದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ. ಕರಾವಳಿ, ಮಲೆನಾಡಿನ ಬಿಲ್ಲವ, ದೀವರ, ಸಣ್ಣ ಒಕ್ಕಲಿಗರ ಮನೆಗಳಲ್ಲಿ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದರ ಹಿಂದೆ ಈ ಫಾರಂ ಇದೆ.

ಸಿಗದವರೂ ಇದ್ದಾರೆ. ಕಾನೂನು ಕೊಟ್ಟದ್ದು ಗೇಣಿದಾರನಿಗೆ, ಕೂಲಿಯವನಿಗಲ್ಲ. ಇನ್ನೊಬ್ಬರ ಗದ್ದೆಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದ ದಲಿತರಿಗೆ ಡಿಕ್ಲರೇಷನ್ ಹಾಕುವುದಕ್ಕೆ ಆಧಾರವೇ ಇರಲಿಲ್ಲ. ಮಿತಿಗಿಂತ ಜಾಸ್ತಿ ಇದ್ದವರ ಹೆಚ್ಚುವರಿ ಜಮೀನನ್ನು ಹಂಚುವ ಭಾಗವೂ ಕಾನೂನಿನಲ್ಲಿತ್ತು; ಅದರಿಂದ ಅವರಿಗೆ ಸಿಗಬಹುದಿತ್ತು, ಅಲ್ಲಿ ಸಿಕ್ಕಿದ್ದು ಕಡಿಮೆ. ಇನ್ನೊಂದು ಕಡೆ, ಎರಡೋ ಮೂರೋ ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರು, ಅರ್ಚಕರು, ಮೇಷ್ಟ್ರುಗಳೂ ಜಮೀನು ಕಳೆದುಕೊಂಡರು. ಕರಾವಳಿಯ ಕೆಲವು ಮನೆಗಳಲ್ಲಿ ಆ ನೋವು ಇನ್ನೂ ಮಾತಿಗೆ ಬರುತ್ತದೆ.

ಕಾಗೋಡು ತಿಮ್ಮಪ್ಪನವರು ಆಮೇಲೆ ಕಾಂಗ್ರೆಸ್ ಸೇರಿ, ಸೋತು ಗೆದ್ದು, 2013ರಲ್ಲಿ ಸ್ಪೀಕರ್ ಆದರು, 2016ರಲ್ಲಿ ಕಂದಾಯ ಮಂತ್ರಿಯಾದರು. ಗೇಣಿದಾರರ ಊರಿನಿಂದ ಬಂದವರ ಕೈಗೆ ಕೊನೆಗೂ ಕಂದಾಯ ಇಲಾಖೆ ಬಂತು. ತಾಂಡಾ, ಗೊಲ್ಲರಹಟ್ಟಿಯಂಥ ದಾಖಲೆಯಿಲ್ಲದ ಊರುಗಳಲ್ಲಿ ವಾಸಿಸುವವರಿಗೇ ಮನೆಯ ಜಾಗದ ಹಕ್ಕು ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು ಅವರ ಕಾಲದಲ್ಲಿ. 2018ರಲ್ಲಿ ಅವರು ಸೋತರು.

1974ರ ಕಾನೂನಿನ ಇನ್ನೊಂದು ಕಾಲನ್ನು ಅಷ್ಟರಲ್ಲಿ ಒಂದೊಂದೇ ಹಂತದಲ್ಲಿ ಕತ್ತರಿಸುತ್ತಾ ಬರಲಾಗಿತ್ತು. ಬೇಸಾಯದಿಂದಲ್ಲದೆ ಬೇರೆ ಕಡೆಯಿಂದ ಇಂತಿಷ್ಟಕ್ಕಿಂತ ಜಾಸ್ತಿ ಆದಾಯ ಇರುವವರು ಕೃಷಿ ಜಮೀನು ಕೊಳ್ಳುವಂತಿಲ್ಲ ಅನ್ನುವುದು 79ಎ ಕಲಂ. ಮಿತಿ ಏರುತ್ತಾ ಏರುತ್ತಾ 2015ರಲ್ಲಿ ವರ್ಷಕ್ಕೆ 25 ಲಕ್ಷ ಆಯಿತು. ಅದನ್ನು ಮಾಡಿದ್ದು ಕಾಂಗ್ರೆಸ್ ಸರ್ಕಾರ. 2020ರಲ್ಲಿ ಯಡಿಯೂರಪ್ಪನವರ ಸರ್ಕಾರ ಆ ಕಲಮನ್ನೇ ತೆಗೆದುಹಾಕಿತು. ಮೇಲ್ಮನೆಯಲ್ಲಿ ಜೆಡಿಎಸ್ ಬೆಂಬಲ ಕೊಟ್ಟು ಮಸೂದೆ ಪಾಸಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಗೆದ್ದು ಬಂದದ್ದು ಶಿಕಾರಿಪುರದಿಂದ. ಅದೂ ಶಿವಮೊಗ್ಗ ಜಿಲ್ಲೆಯೇ.