ಒರೆಸಿದಷ್ಟೂ ಗೆರೆ: ಕಾರಿನ ಗಾಜಿಗೆ ಏನಾಗಿದೆ?

ಪ್ರಶ್ನೆ: ಅಣ್ಣಾ, ದಿನಾ ಬೆಳಗ್ಗೆ ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಕಾರಲ್ಲಿ ಕೆಲಸಕ್ಕೆ ಹೋಗುತ್ತೇನೆ. ಹೊರಡುವ ಮುಂಚೆ ಗಾಜು ಒರೆಸಿಯೇ ಹೊರಡುವುದು. ಮನೆ ಹತ್ತಿರ ನೋಡಿದರೆ ಪಳಪಳ ಅನ್ನುತ್ತದೆ. ದಾರಿಯಲ್ಲಿ ಎದುರಿಗೆ ಬಿಸಿಲು ಬಿತ್ತು ಅಂದರೆ ಸಾಕು, ಗಾಜಿನ ತುಂಬಾ ಗೆರೆ, ಮಸುಕು. ಸೋಪಿನ ನೀರು ಹಾಕಿ ನೋಡಿದೆ, ಪೇಪರಲ್ಲಿ ಉಜ್ಜಿ ನೋಡಿದೆ, ಅಂಗಡಿಯಿಂದ ಸ್ಪ್ರೇನೂ ತಂದೆ. ಜಾಸ್ತಿ ಒರೆಸಿದಷ್ಟೂ ಜಾಸ್ತಿ ಗೆರೆ. ಗಾಜೇ ಹಾಳಾಗಿದೆಯಾ, ಇಲ್ಲಾ ನಾನು ಒರೆಸುವುದೇ ತಪ್ಪಾ?

ಉತ್ತರ: ಗಾಜು ಹಾಳಾಗಿರುವುದು ತೀರಾ ಅಪರೂಪ. ಅದನ್ನು ಗುರುತಿಸುವುದು ಹೇಗೆ ಅಂತ ಕೊನೆಗೆ ಹೇಳುತ್ತೇನೆ. ನೀವು ಒರೆಸುವಾಗ ಕೊಳೆ ಗಾಜಿನಿಂದ ಹೊರಗೆ ಹೋಗುತ್ತಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದೆ. ಅಷ್ಟೇ ವಿಷಯ. ಆದರೆ ಈ ಅಷ್ಟೇ ವಿಷಯದಲ್ಲಿ ನಾವೆಲ್ಲ ವರ್ಷಗಟ್ಟಲೆ ಒದ್ದಾಡುತ್ತೇವೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೋರ್‌ವೆಲ್ ನೀರನ್ನು ದಿನಾ ಕಾಯಿಸುವ ಪಾತ್ರೆಯ ಒಳಗೆ ನೋಡಿದ್ದೀರಾ? ಬೆಳ್ಳಗೆ ಒಂದು ಪದರ ಕೂತಿರುತ್ತದೆ. ನೀರು ಆವಿಯಾಗಿ ಹೋಯಿತು, ಅದರಲ್ಲಿದ್ದ ಸುಣ್ಣದ ಅಂಶ ಉಳಿಯಿತು. ಗಾಜಿನ ಮೇಲೂ ಅದೇ ನಡೆಯುತ್ತದೆ. ನೀರು ಹಾರುತ್ತದೆ, ನೀರಿನಲ್ಲಿ ಕರಗಿದ್ದದ್ದು ಹಾರುವುದಿಲ್ಲ. ಸುಣ್ಣದ ಅಂಶ, ಸೋಪು, ಕರಗಿದ ಎಣ್ಣೆ ಜಿಡ್ಡು, ಬಟ್ಟೆಯಿಂದ ಬಂದ ಏನೇನೋ, ಎಲ್ಲ ಅಲ್ಲೇ ಒಣಗುತ್ತವೆ. ಕೈ ಓಡಿದ ದಾರಿಯಲ್ಲೇ ಒಣಗುತ್ತವೆ, ಅದಕ್ಕೇ ಅದು ಗೆರೆಯಾಗಿ ಕಾಣುವುದು. ಸೋಪು ಜಾಸ್ತಿ ಹಾಕಿದರೆ ಗೆರೆಯೂ ಜಾಸ್ತಿ. ನೀವು ಕಂಡದ್ದು ಸರಿಯೇ.

ಮನೆ ಹತ್ತಿರ ಕಾಣದ್ದು ದಾರಿಯಲ್ಲಿ ಯಾಕೆ ಕಾಣುತ್ತದೆ? ನೀವು ಹೋಗುವುದು ಪೂರ್ವಕ್ಕೆ, ಅದೂ ಬೆಳಗ್ಗೆ. ಆನೆಕಾಡು ದಾಟಿ ಗುಡ್ಡೆಹೊಸೂರಿನ ಕಡೆ ಇಳಿಯುವ ಹೊತ್ತಿಗೆ ಸೂರ್ಯ ಇನ್ನೂ ತಗ್ಗಿನಲ್ಲೇ ಇರುತ್ತಾನೆ, ನೇರ ಮುಖಕ್ಕೆ ಹೊಡೆಯುತ್ತಾನೆ. ಆ ಬೆಳಕು ಗಾಜಿನ ಮೇಲಿನ ತೆಳು ಪದರಕ್ಕೆ ಬಿದ್ದು ನಾಲ್ಕು ಕಡೆ ಚದುರುತ್ತದೆ. ಗಾಜೇ ಬೆಳ್ಳಗೆ ಹೊಳೆದ ಹಾಗಾಗುತ್ತದೆ, ಅದರ ಹಿಂದಿನ ರಸ್ತೆ ಕಾಣುವುದಿಲ್ಲ. ಸಂಜೆ ವಾಪಸ್ ಬರುವಾಗ ಪಶ್ಚಿಮಕ್ಕೆ, ಮತ್ತೆ ಅದೇ ಕಥೆ. ಆನೆ ರಸ್ತೆ ದಾಟುವ ಜಾಗ ಅದು. ಅಲ್ಲಿ ಎರಡು ಸೆಕೆಂಡ್ ಕಣ್ಣು ಕಟ್ಟಿದರೆ ಏನಾಗಬಹುದು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಇನ್ನು ಹೆಚ್ಚಿನವರು ಮರೆಯುವ ಭಾಗ. ನಿಮ್ಮ ಪ್ರಶ್ನೆಯಲ್ಲಿ ಗಾಜು ಒರೆಸುತ್ತೇನೆ ಅಂದಿದ್ದೀರಿ. ಯಾವ ಬದಿ? ನನ್ನ ಅಂದಾಜಿನಲ್ಲಿ ಹೊರಬದಿ ಮಾತ್ರ. ನಿಮ್ಮ ಮಸುಕಿನ ಮುಕ್ಕಾಲು ಭಾಗ ಒಳಗಡೆ ಇದೆ ಅಂತ ನನಗೆ ಬಲವಾದ ಅನುಮಾನ.

ಕಾರಿನ ಡ್ಯಾಶ್‌ಬೋರ್ಡ್, ಸೀಟಿನ ರೆಕ್ಸಿನ್, ಇವನ್ನೆಲ್ಲ ಮೆತ್ತಗೆ ಇಡಲು ಪ್ಲಾಸ್ಟಿಕ್‌ನಲ್ಲಿ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ಕಾರು ಬಿಸಿಲಲ್ಲಿ ನಿಂತಾಗ ಅದು ಸ್ವಲ್ಪ ಸ್ವಲ್ಪ ಆವಿಯಾಗಿ ಏಳುತ್ತದೆ, ತಣ್ಣಗಿರುವ ಗಾಜಿನ ಒಳಮೈಗೆ ಹೋಗಿ ಕೂರುತ್ತದೆ. ಹೊಸ ಕಾರಿನ ವಾಸನೆ ಅನ್ನುತ್ತೇವಲ್ಲ, ಅದರಲ್ಲಿ ಇದರ ಪಾಲೂ ಇದೆ. ಹೊಸ ಕಾರಿನಲ್ಲಿ ಇದು ಜಾಸ್ತಿ. ಇದರ ಜತೆಗೆ ನಮ್ಮ ಉಸಿರು, ಕೈಯ ಜಿಡ್ಡು, ಯಾರಾದರೂ ಒಳಗೆ ಸಿಗರೇಟ್ ಸೇದಿದರೆ ಅದರ ಹೊಗೆ. ಎಲ್ಲ ಸೇರಿ ಒಂದು ಅಂಟು ಪದರ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೆಣ್ಣೆ ಸವರಿದ ಹಾಗೆ ಹರಡಿಕೊಳ್ಳುತ್ತದೆ, ಅಷ್ಟೇ.

ಇದು ನನಗೆ ಗೊತ್ತಾದದ್ದು ಸಂಪಾಜೆ ಘಾಟಿಯಲ್ಲಿ. ಜುಲೈ ತಿಂಗಳು, ಸುಳ್ಯ ಕಡೆಯಿಂದ ಬರುತ್ತಿದ್ದೆ, ಕತ್ತಲಾಗಿತ್ತು. ಕಾರನ್ನು ಅವತ್ತೇ ಒಂದು ಕಡೆ ತೊಳೆಸಿದ್ದೆ, ಅವರು ಡ್ಯಾಶ್‌ಬೋರ್ಡ್‌ಗೆ ಪಾಲಿಶ್ ಹೊಡೆದು ಮಿರಮಿರ ಮಾಡಿ ಕೊಟ್ಟಿದ್ದರು. ಜೋಡುಪಾಲ ದಾಟಿ ಮೇಲೆ ಹತ್ತುವಾಗ ಎದುರಿಂದ ಲಾರಿ ಬಂತು. ಅದರ ಲೈಟು ಗಾಜಿಗೆ ಬಿದ್ದದ್ದೇ ತಡ, ನನ್ನ ಮುಂದೆ ಬಿಳಿ ಪರದೆ ಎಳೆದ ಹಾಗಾಯಿತು. ರಸ್ತೆಯ ಅಂಚು ಎಲ್ಲಿ, ಚರಂಡಿ ಎಲ್ಲಿ, ಒಂದೂ ಗೊತ್ತಾಗಲಿಲ್ಲ. ಮಂಜು ಅಂತಲೇ ತಿಳಿದುಕೊಂಡೆ. ಕಾರು ನಿಲ್ಲಿಸಿ ಗಾಜು ಇಳಿಸಿ ನೋಡಿದರೆ ಹೊರಗೆ ಮಂಜೇ ಇಲ್ಲ! ಪಾಲಿಶ್‌ನ ಸ್ಪ್ರೇ ಗಾಜಿನ ಒಳಬದಿಗೂ ಹಾರಿ, ಅದರ ಮೇಲೆ ಯಾರೋ ಅದೇ ಬಟ್ಟೆಯಿಂದ ಒರೆಸಿದ್ದರು. ಆ ದಿನದಿಂದ ನಾನು ಡ್ಯಾಶ್‌ಬೋರ್ಡ್‌ಗೆ ಪಾಲಿಶ್ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಧೂಳು ತೆಗೆದರೆ ಸಾಕು, ಅದು ಹೊಳೆಯಲೇಬೇಕು ಅಂತ ಏನಿಲ್ಲ.

ಸರಿ, ಒರೆಸುವುದು ಹೇಗೆ?

ಮೊದಲು ಬಟ್ಟೆ. ನನ್ನ ಕೇಳಿದರೆ ಸ್ಪ್ರೇಗಿಂತ ಬಟ್ಟೆಯೇ ದೊಡ್ಡದು. ಮೈಕ್ರೋಫೈಬರ್ ಬಟ್ಟೆ ಬೇಕು, ಅದರಲ್ಲೂ ನಯವಾದದ್ದು, ಟವೆಲ್ ಥರ ಎಳೆ ಎದ್ದಿರುವುದಲ್ಲ. ಅದು ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಎಳೆಗಳನ್ನು ತುಂಬಾ ಸಣ್ಣಗೆ ಸೀಳಿ ಮಾಡಿದ್ದು. ಆ ಸೀಳುಗಳ ಒಳಗೆ ಜಿಡ್ಡು, ನೀರು ಹಿಡಿದು ಕೂರುತ್ತವೆ, ವಾಪಸ್ ಗಾಜಿಗೆ ಹೋಗುವುದಿಲ್ಲ. ಹಳೇ ಬನಿಯನ್, ಪಂಚೆಯ ತುಂಡು, ಹಳದಿ ಡಸ್ಟರ್ ಬಟ್ಟೆ, ಇವೆಲ್ಲ ನೂಲು ಬಿಡುತ್ತವೆ, ಬೇಗ ನೆನೆದು ಹೋಗುತ್ತವೆ. ಅಡುಗೆಮನೆಯ ಬಟ್ಟೆಯಂತೂ ಬೇಡವೇ ಬೇಡ, ಎಷ್ಟು ಒಗೆದರೂ ಅದರಲ್ಲಿ ಎಣ್ಣೆ ಇರುತ್ತದೆ. ಎರಡು ಬಟ್ಟೆ ಇರಲಿ: ಒಂದು ಒದ್ದೆಗೆ, ಒಂದು ಒಣಗಿಸಲಿಕ್ಕೆ. ಗೆರೆ ಬರುವುದು ಬಹುತೇಕ ಒಂದೇ ಬಟ್ಟೆಯಲ್ಲಿ ಎರಡೂ ಕೆಲಸ ಮಾಡುವುದರಿಂದ. ಒಗೆಯುವಾಗ ಬೇರೆಯಾಗಿ ಒಗೆಯಿರಿ. ಬಟ್ಟೆ ಮೆತ್ತಗಾಗಲಿ, ಪರಿಮಳ ಬರಲಿ ಅಂತ ಕೊನೆಗೆ ಹಾಕುತ್ತಾರಲ್ಲ ಕಂಡಿಷನರ್, ಅದನ್ನು ಹಾಕಬೇಡಿ. ಅದು ಎಳೆಗಳಿಗೆ ಮೆತ್ತಿಕೊಂಡು ಆಮೇಲೆ ಗಾಜಿಗೆ ಬರುತ್ತದೆ.

ಪೇಪರ್ ಬಗ್ಗೆ ಕೇಳಿದ್ದೀರಿ. ನೂಲು ಬಿಡದ ಕಾರಣ ಕನ್ನಡಿಗೆ, ಕಿಟಕಿಗೆ ಅದು ನಡೆಯುತ್ತದೆ. ಕಾರಿಗೆ ನಾನು ಬೇಡ ಅನ್ನುತ್ತೇನೆ, ಶಾಯಿ ರಬ್ಬರ್ ಬೀಡಿಂಗಿಗೂ ಕೈಗೂ ಹತ್ತುತ್ತದೆ, ಜಿಡ್ಡನ್ನೂ ಸರಿಯಾಗಿ ಹೀರುವುದಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಕೊಡಗಿನವರಿಗೆ ಒಂದು ಅನುಕೂಲ ಇದೆ. ಮಳೆ ನೀರಿನಲ್ಲಿ ಸುಣ್ಣದ ಅಂಶ ಇರುವುದಿಲ್ಲ. ನಾಲ್ಕು ತಿಂಗಳು ಸೂರಿನಿಂದ ಧೋ ಅಂತ ಸುರಿಯುವ ನೀರು ಗಾಜು ಒರೆಸಲು ಬಹಳ ಒಳ್ಳೆಯದು. ಮಳೆ ಶುರುವಾದ ಮೊದಲ ದಿನದ್ದು ಬೇಡ, ಅದರಲ್ಲಿ ಹಂಚಿನ ಮೇಲಿನ ಧೂಳು ಪಾಚಿ ಎಲ್ಲ ಇರುತ್ತದೆ. ಬೇಸಿಗೆಯಲ್ಲಾದರೆ ಪೆಟ್ರೋಲ್ ಬಂಕಲ್ಲಿ ಸಿಗುವ ಬ್ಯಾಟರಿ ನೀರು ತನ್ನಿ. ಡಿಸ್ಟಿಲ್ಡ್ ವಾಟರ್ ಅಂತ ಬರೆದಿರಬೇಕು, ಆಸಿಡ್ ಅಲ್ಲ, ನೋಡಿ ತನ್ನಿ.

ಒಳಗಿನ ಜಿಡ್ಡಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಅದು ಮತ್ತು ಆ ನೀರು ಸಮಸಮ, ಅದಕ್ಕೆ ಒಂದು ಚಮಚ ಬಿಳಿ ವಿನೆಗರ್. ಆಲ್ಕೋಹಾಲ್ ಜಿಡ್ಡನ್ನು ಕರಗಿಸುತ್ತದೆ, ಬೇಗ ಹಾರಿಹೋಗುತ್ತದೆ, ಹಿಂದೆ ಏನೂ ಬಿಡುವುದಿಲ್ಲ. ವಿನೆಗರ್ ಸುಣ್ಣದ ಕಲೆಗೆ. ಹುಳಿ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕಾಚಂಪುಳಿ, ಒಬ್ಬರು ಅದನ್ನೂ ಕೇಳಿದ್ದರು. ಅದು ಪಂದಿಕರಿಗೇ ಇರಲಿ. ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿದ್ದು ಅದು, ಗಾಜಿಗೆ ಅಂಟಿಕೊಳ್ಳುತ್ತದೆ. ಈ ಮಿಶ್ರಣಕ್ಕೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಬಾಗಿಲು ತೆರೆದಿಟ್ಟು ಕೆಲಸ ಮಾಡಿ, ಬಾಟಲಿಯನ್ನು ಕಾರಿನೊಳಗೆ ಬಿಟ್ಟು ಹೋಗಬೇಡಿ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯ ಇರುವ ಕ್ಲೀನರ್ ಬಳಸಬೇಡಿ, ಫಿಲ್ಮ್ ಹಾಳಾಗುತ್ತದೆ.

ಈಗ ಕೆಲಸಕ್ಕೆ ಇಳಿಯೋಣ. ಕಾರು ನೆರಳಲ್ಲಿರಲಿ, ಗಾಜು ಕೈಗೆ ತಣ್ಣಗೆ ಸಿಗಬೇಕು. ಬಿಸಿ ಗಾಜಿನ ಮೇಲೆ ನೀವು ಒರೆಸುವ ಮೊದಲೇ ಎಲ್ಲ ಒಣಗಿ ಗೆರೆಯಾಗಿರುತ್ತದೆ. ಕಾರಿನ ಉಳಿದ ಭಾಗ ಎಲ್ಲ ಮುಗಿಸಿ, ಗಾಜು ಕೊನೆಗೆ. ಒಳಗಡೆ ಒರೆಸುವಾಗ ಗಾಜಿಗೆ ಸ್ಪ್ರೇ ಹೊಡೆಯದೆ ಬಟ್ಟೆಗೇ ಹೊಡೆಯಿರಿ, ಸ್ವಲ್ಪವೇ, ಬಟ್ಟೆ ತೊಟ್ಟಿಕ್ಕಬಾರದು. ಒಮ್ಮೆ ಒದ್ದೆ ಬಟ್ಟೆ, ಕೂಡಲೇ ಅದರ ಹಿಂದೆಯೇ ಒಣ ಬಟ್ಟೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡರೆ ಒಂದು ಮೈ ಕೊಳೆಯಾದಾಗ ತಿರುಗಿಸಿ ಇನ್ನೊಂದು ಮೈ ಬಳಸಬಹುದು. ಮುಂದಿನ ಗಾಜಿನ ಕೆಳಮೂಲೆ ಡ್ಯಾಶ್‌ಬೋರ್ಡ್ ಹತ್ತಿರ ಕೈಗೆ ಸಿಗುವುದಿಲ್ಲ ಅಲ್ವಾ? ಅಂಗೈ ಮೇಲೆ ಮಾಡಿ, ಬಟ್ಟೆಯನ್ನು ಬೆರಳುಗಳ ಹಿಂಬದಿಗೆ ಹಿಡಿದು ಒಳಗೆ ತೂರಿಸಿ, ಆರಾಮಾಗಿ ಹೋಗುತ್ತದೆ. ಪಕ್ಕದ ಗಾಜುಗಳನ್ನು ಎರಡು ಬೆರಳಷ್ಟು ಇಳಿಸಿ ಮೊದಲು ಮೇಲಿನ ಅಂಚು ಒರೆಸಿ, ಆಮೇಲೆ ಏರಿಸಿ ಉಳಿದದ್ದು. ಹಿಂದಿನ ಗಾಜಿನಲ್ಲಿ ಕಂದು ಬಣ್ಣದ ತಂತಿಗೆರೆಗಳಿದ್ದರೆ ಅವುಗಳ ಉದ್ದಕ್ಕೇ ಒರೆಸಿ, ಅಡ್ಡ ಗೀಚಬೇಡಿ.

ಮತ್ತೆ ಇದೊಂದು ತಪ್ಪದೆ ಮಾಡಿ: ಒಳಬದಿಯನ್ನು ಎಡದಿಂದ ಬಲಕ್ಕೆ ಅಡ್ಡಡ್ಡ ಒರೆಸಿ, ಹೊರಬದಿಯನ್ನು ಮೇಲಿಂದ ಕೆಳಕ್ಕೆ. ಆಮೇಲೆ ಬಿಸಿಲಿಗೆ ಹಿಡಿದಾಗ ಗೆರೆ ಅಡ್ಡ ಇದ್ದರೆ ಒಳಗಿನದು, ಉದ್ದ ಇದ್ದರೆ ಹೊರಗಿನದು. ಒಳಗಾ ಹೊರಗಾ ಅಂತ ಗೊತ್ತಾಗದೆ ಎರಡೂ ಕಡೆ ಹತ್ತು ಸಲ ಉಜ್ಜುವ ಕಷ್ಟ ಇಲ್ಲಿಗೆ ಮುಗಿಯಿತು.

ಹೊರಬದಿಗೆ ಮೊದಲು ನೀರು ಸುರಿದು ಮಣ್ಣು ಇಳಿಸಲೇಬೇಕು. ತೋಟದ ದಾರಿಯ ಕೆಮ್ಮಣ್ಣಿನಲ್ಲಿ ಸಣ್ಣ ಸಣ್ಣ ಕಲ್ಲಿನ ಚೂರು ಇರುತ್ತದೆ, ಒಣಗಿದ್ದಾಗ ಒರೆಸಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಡಿಸೆಂಬರ್ ಬೆಳಗಿನ ಇಬ್ಬನಿಯನ್ನು ವೈಪರ್ ಹಾಕಿ ತಳ್ಳುವುದೂ ಅಷ್ಟೇ. ಜನವರಿ ಆಚೆ ಕಾಫಿ ಕಣದ ಹತ್ತಿರ ಕಾರು ನಿಲ್ಲಿಸುವವರಿಗೆ ಈ ಧೂಳಿನ ಕಾಟ ಗೊತ್ತೇ ಇದೆ. ಮಾವಿನ ಮರದ ಕೆಳಗೆ ನಿಲ್ಲಿಸಿದ್ದರೆ ಗಾಜಿನ ತುಂಬಾ ಅಂಟು ಹನಿಗಳು ಬಿದ್ದಿರುತ್ತವೆ. ಅದು ಮರದ ಅಂಟಲ್ಲ, ಎಲೆಯ ರಸ ಹೀರುವ ಸಣ್ಣ ಹುಳಗಳು ಬಿಡುವ ಸಿಹಿ ದ್ರವ. ಉಗುರುಬೆಚ್ಚಗಿನ ನೀರಲ್ಲಿ ನೆನೆದ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ ಬಿಡಿ, ಕರಗುತ್ತದೆ. ಹಲಸಿನ ಮೇಣಕ್ಕೆ ಮಾತ್ರ ಇದು ಸಾಲದು, ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ತೆಗೆದು, ಆ ಎಣ್ಣೆಯನ್ನು ಮತ್ತೆ ಆಲ್ಕೋಹಾಲ್ ಮಿಶ್ರಣದಲ್ಲಿ ತೆಗೆಯಬೇಕು.

ಗಾಜು ನಿಜವಾಗಿ ಶುದ್ಧವಾಯಿತಾ ಅಂತ ನೋಡಲು ಒಂದು ಚೊಂಬು ನೀರು ಸುರಿಯಿರಿ. ನೀರು ಹಾಳೆಯಂತೆ ಒಂದೇ ಸಮ ಇಳಿದರೆ ಜಿಡ್ಡಿಲ್ಲ. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಮುತ್ತು ಮುತ್ತಾಗಿ ಓಡಿದರೆ ಇನ್ನೂ ಡೀಸೆಲ್ ಹೊಗೆಯದ್ದೋ, ಪಾಲಿಶ್‌ದೋ ಪದರ ಇದೆ. ಮಳೆ ಹನಿ ಗಾಜಿನ ಮೇಲೆ ನಿಲ್ಲದ ಹಾಗೆ ಮಾಡುವ ಲೇಪನ ಹಾಕಿಸಿದ್ದರೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ.

ಮಳೆಗಾಲದಲ್ಲಿ ಒಳಗೆ ಹಬೆ ಕಟ್ಟುತ್ತದಲ್ಲ, ಅದಕ್ಕೂ ಈ ಜಿಡ್ಡಿಗೂ ನಂಟಿದೆ. ಜಿಡ್ಡಿರುವ ಗಾಜಿನ ಮೇಲೆ ಹಬೆ ಸಣ್ಣ ಸಣ್ಣ ಹನಿಗಳಾಗಿ ಕೂತು ಮಸುಕು ಮಾಡುತ್ತದೆ. ಆಗ ಕೈಯಿಂದ ಒರೆಸುವುದು ನಮ್ಮೆಲ್ಲರ ಚಾಳಿ, ಮರುದಿನದ ಗೆರೆಗೆ ಅದೇ ಮೂಲ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವ ಬಟನ್ ಒತ್ತಿ. ಚಳಿ ಅನ್ನಿಸಿದರೆ ಬಿಸಿ ಕಡೆ ತಿರುಗಿಸಿ, ಎಸಿ ಆಫ್ ಮಾಡಬೇಡಿ, ಗಾಳಿಯ ತೇವ ತೆಗೆಯುವುದು ಅದೇ. ಒದ್ದೆ ಕೊಡೆ, ರೈನ್‌ಕೋಟು ಡಿಕ್ಕಿಗೆ ಹಾಕಿ.

ಇಷ್ಟೆಲ್ಲ ಆದ ಮೇಲೂ ಗೆರೆ ಇದ್ದರೆ ಅದರ ಆಕಾರ ನೋಡಿ. ಕಮಾನಿನ ಹಾಗೆ ಬಾಗಿದ್ದರೆ ವೈಪರ್ ರಬ್ಬರಿನದು. ರಬ್ಬರಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಎಳೆದು ಒರೆಸಿ, ಕಪ್ಪು ಬರುವುದು ನಿಲ್ಲುವ ತನಕ. ರಬ್ಬರ್ ಗಟ್ಟಿಯಾಗಿದ್ದರೆ, ಸೀಳಿದ್ದರೆ ಬದಲಾಯಿಸಿ. ನಾನು ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ಹೊಸದು ಹಾಕಿಸುತ್ತೇನೆ.

ರಬ್ಬರ್ ಬದಲಾಯಿಸಿದರೂ ಗೆರೆ ಹೋಗಲಿಲ್ಲವೆಂದರೆ ಅದರ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಜಾರಿದರೆ ಇನ್ನೂ ಕೊಳೆಯೇ ಇರಬಹುದು, ಇನ್ನೊಂದು ಸುತ್ತು ಒರೆಸಿ. ಉಗುರು ಸಿಕ್ಕಿಕೊಂಡರೆ ಅದು ಗೀರು. ಅದಕ್ಕೆ ಯಾವ ಸ್ಪ್ರೇಯೂ ಕೆಲಸ ಮಾಡುವುದಿಲ್ಲ. ಗೀರು ನಿಮ್ಮ ಕಣ್ಣಿನ ನೇರಕ್ಕೇ ಇದ್ದರೆ ಗಾಜು ಬದಲಾಯಿಸುವುದೇ ಸರಿ, ಹೋಗುವ ಮುಂಚೆ ಇನ್ಶೂರೆನ್ಸ್ ಕಾಗದ ತೆಗೆದು ಒಮ್ಮೆ ಓದಿ ನೋಡಿ.